ಕೆಸರು ತೆರೆಯುವ ಮಾತು

ಮಾರ್ಚ್ 4, ಬುಧವಾರ

ಬೆಳಕು ಬಿಡುವ ಮುಂಚೆ ಎದ್ದೆ. ಮನೆ ಹಿಂದಿನ ಬಂಡೆ ಹತ್ತಿ ನೋಡಿದೆ. ಮಂಜಿಲ್ಲ. ಗಾಳಿ ಗುಡ್ಡದ ಕಡೆಯಿಂದ. ಒಳಗೆ ಬಂದು ಕಂಪ್ಯೂಟರ್ ಹಚ್ಚಿ ಒಂದೇ ಬೆರಳಲ್ಲಿ ಕುಟ್ಟಿದೆ — "ಇವತ್ತು ಕೆಸರು ತೆರೆದಿದೆ. ನೀರು ತಿರುಗುವ ಮುಂಚೆ ಎಲ್ಲರೂ ದಡದಲ್ಲಿರಬೇಕು. ಇಂತಿ, ಹೆನಾಮಿನವಳು." ಹಸಿರು ಬಟನ್. ಹೋಯ್ತು.

ಸಾರು ಬಿಸಿಗಿಡುವಷ್ಟರಲ್ಲಿ ಕೆಳಗೆ ಬಾಗಿಲುಗಳ ಸದ್ದು. ಬೂಟು, ಬುಟ್ಟಿ, ಕೆಸರ ಮೇಲೆ ಜಾರಿಸುವ ಹಲಗೆ. ಎಲ್ಲರಿಗಿಂತ ಮುಂದೆ ಬೋಸಂಗಿನವಳು. ನಮ್ಮಲ್ಲಿ ಮದುವೆಯಾಗಿ ಬಂದವಳಿಗೆ ತವರೂರೇ ಹೆಸರು; ನಾನು ಹೆನಾಮಿನವಳು, ಇವಳು ಬೋಸಂಗಿನವಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಆದರೆ ಚಿಪ್ಪು ಆಯುವುದೆಂದರೆ ಹದಿನಾರರ ಹುಡುಗಿ. ಮೊನ್ನೆ ತಾನೆ ಸೊಂಟ ಹಿಡಿದಿದೆ ಅಂತ ಅಳುತ್ತಿದ್ದವಳು.

ನಮ್ಮೂರು ಸೋಲ್ಗೆಯಲ್ಲಿ, ಕಡಲು ಹಿಂದೆ ಸರಿದಾಗ ತೆರೆಯುವ ಈ ಕೆಸರಿಗೆ, ನೋಡಿ ಹೇಳುವವಳ ಮಾತು ಬರದೆ ಯಾರೂ ಕಾಲಿಡುವಂತಿಲ್ಲ. ಅತ್ತೆಯ ಕಾಲದಿಂದಲೂ ಹಾಗೇ. ಮುಂಚೆ ಹೋದವಳಿಗೆ ಮುಂದಿನ ಸಲ ದಡದಲ್ಲೇ ಕೂರುವ ಶಿಕ್ಷೆ. ಮಾತು ಬಂದಮೇಲೆ ಯಾರೂ ಹಿಂದೆ ಉಳಿಯುವುದಿಲ್ಲ — ಒಳ್ಳೆ ಜಾಗ ಹೋಗಿಬಿಡುತ್ತದಲ್ಲ. ಮುಂಚೆ ಮೈಕಲ್ಲಿ ಕೂಗುತ್ತಿದ್ದರು. ಗಾಳಿ ಅರ್ಧ ಮಾತು ತಿಂದುಹಾಕುತ್ತಿತ್ತು. ಈಗ ಊರಿನ ಪುಟ. ನಾನು ಇಲ್ಲಿ ಒತ್ತಿದರೆ ಎಲ್ಲರ ಫೋನು ಟಿಂಗ್ ಅನ್ನುತ್ತದೆ. ಪುಟ ಊರವರಿಗೆ ಕಾಣುವ ನಡುಮನೆ. ನಾನು ಕೂತು ಬರೆಯುವುದು ಅದರ ಹಿಂದೆ. ಅದಕ್ಕೆ ಅಡ್ಮಿನ್ ಅನ್ನುತ್ತಾರೆ. ನಾನು ಅಡುಗೆಮನೆ ಅನ್ನುತ್ತೇನೆ.

ಮಧ್ಯಾಹ್ನ ಸಂಘದ ಅಧ್ಯಕ್ಷ ಗಿಲ್ಸು ಬಂದ. "ಅತ್ತಿಗೆ, ಪುಟ ಮಾಡಿಕೊಟ್ಟ ಗ್ವಾಂಗ್ಜು ಕಂಪನಿಯವರು ಅಡ್ಮಿನ್ ಪೂರಾ ಹೊಸದು ಮಾಡ್ತಾರಂತೆ. ನೀವು ಹೇಗೆ ಬಳಸ್ತೀರಿ ಅಂತ ನೋಡೋಕೆ ಒಬ್ಬಳು ಬರ್ತಾಳೆ."

"ನಾನು ಟೈಪ್ ಮಾಡೋದನ್ನ ನೋಡೋಕೆ ಬರ್ತಾಳಾ? ಹಾಗಾದ್ರೆ ಬುತ್ತಿ ಕಟ್ಕೊಂಡು ಬರ್ಲಿ. ಹೊತ್ತಾಗುತ್ತೆ."

ಮಾರ್ಚ್ 11

ಬಂದಳು. ಸೋಹಿ ಅಂತ ಹೆಸರು. ಮೂವತ್ತಿರಬಹುದು, ಕಡ್ಡಿ ಹಾಗಿದ್ದಾಳೆ. ಚಾವಡಿಯ ಬೆಚ್ಚನೆ ನೆಲದ ಮೇಲೆ ನಮ್ಮ ಹಾಗೇ ಮಂಡಿ ಮಡಿಸಿ ಕೂತಳು. ಅಷ್ಟಕ್ಕೆ ಮೆಚ್ಚಿದೆ. ಹೊಸ ಅಡುಗೆಮನೆಯ ಕರಡು ತೆರೆದು ತನ್ನ ಕಂಪ್ಯೂಟರ್ ಇಟ್ಟಳು, ಅದರ ಕೆಳಗೆ ಒಂದು ಕರಿ ಪಟ್ಟಿ ಅಂಟಿಸಿದಳು. ಅದು ನನ್ನ ಕಣ್ಣು ನೋಡುತ್ತಂತೆ.

"ಬಾಯಿಬಿಟ್ಟು ಹೇಳ್ತಾ ಮಾಡಿ ಅಜ್ಜಿ. ಮನಸ್ಸಿಗೆ ಬಂದದ್ದೆಲ್ಲ ಹೇಳಿ."

"ಎಲ್ಲಾನೂ?"

"ಎಲ್ಲಾನೂ. ನಿಮ್ಮ ಪರೀಕ್ಷೆ ಅಲ್ಲ ಇದು. ಪರೀಕ್ಷೆ ಈ ಸ್ಕ್ರೀನಿಗೆ."

ಹೇಳಿದೆ. ಬಟನ್ನು ಗಂಜಿ ತಿಳಿ ಹಾಗೆ ಪೇಲವ, ಯಾರಿಗೆ ಕಾಣಬೇಕು. ಚಿತ್ರ ಹಾಕುವ ಜಾಗ ಚೆನ್ನಾಗಿದೆ. ಈ ಮೂರು ಗೀಟು ಏನು, ಬಾಚಣಿಗೆಯಾ. ಹಿಂದೆ ಕೂತು ಬೋಸಂಗಿನವಳು ಸೇಬು ತಿನ್ನುವ ಸದ್ದಿಗೆ ತಲೆ ಕೆಡುತ್ತಿದೆ. ಅದನ್ನೂ ಹೇಳಿದೆ. ಎಲ್ಲಾನೂ ಅಂದಿದ್ದಳಲ್ಲ.

"ನಿನ್ನ ತಲೆ ಕೆಡೋಕೆ ಸೇಬು ಬೇರೆ ಬೇಕಾ," ಅಂದಳು ಬೋಸಂಗಿನವಳು.

ಸೋಹಿ ಎಲ್ಲಾ ಬರೆದುಕೊಂಡಳು. ಒಂದು ಮಾತು ಆಡಲಿಲ್ಲ. ನಾನು ತಡಕಾಡುವಾಗಲೂ ಕೈ ಚಾಚಿ ಇದು ಅಂತ ತೋರಿಸಲಿಲ್ಲ. ಸುಮ್ಮನೆ ಕೂರುವುದೂ ಒಂದು ಕೆಲಸ ಅಂತ ಇವತ್ತು ನೋಡಿದೆ.

ಕೊನೆಗೆ — "ಈಗ ಕೆಸರು ತೆರೆದಿದೆ ಅಂತ ಒಂದು ಹಾಕಿ ಅಜ್ಜಿ."

"ಇವತ್ತು ತೆರೆದಿಲ್ಲವಲ್ಲ."

"ಪರವಾಗಿಲ್ಲ, ಇದು ಬರೀ ಪ್ರಯೋಗಕ್ಕೆ. ಯಾರಿಗೂ ಹೋಗಲ್ಲ."

"ಹೋಗದಿದ್ರೂ ನಾನು ಬರೆದಿರ್ತೀನಲ್ಲ."

ಗಿಲ್ಸು ನಕ್ಕ. ಅವಳು ನಗಲಿಲ್ಲ. ಅಧ್ಯಕ್ಷರ ನಾಯಿ ಕಳೆದಿದೆ ಅಂತ ಹಾಕಿದೆ. ನಾಯಿ ಅಲ್ಲೇ ಮೆಟ್ಟಿಲ ಮೇಲೆ ಮಲಗಿತ್ತು.

ನಾನು ಮದುವೆಯಾಗಿ ಬಂದ ವರ್ಷ ನನ್ನ ಓರಗಿತ್ತಿ ಮಂಜಲ್ಲಿ ಹೋದಳು. ದಡ ಇಲ್ಲೇ ಇತ್ತು, ಅವಳಿಗೆ ಗೊತ್ತಾಗಲಿಲ್ಲ. ನೀರು ಬಂತು. ಆ ಹುಡುಗಿಗೆ ಇದನ್ನು ಹೇಳಲಿಲ್ಲ. ಯಾಕೆ ಹೇಳಬೇಕು, ಗಂಜಿ ಬಣ್ಣದ ಬಟನ್ ಮಾಡಲು ಬಂದವಳಿಗೆ.

ಅದೇ ದಿನ, ಸಂಜೆ

ಬರೆಯದೆ ಮಲಗಲಾರೆ. ಹೊರಡುವ ಮುಂಚೆ ಆ ಹುಡುಗಿ ಒಂದು ತೋರಿಸಿದಳು. ನನ್ನ ಕಣ್ಣು ಸ್ಕ್ರೀನ್ ಮೇಲೆ ಎಲ್ಲೆಲ್ಲಿ ಓಡಾಡಿತು ಅನ್ನುವುದು — ಸಣ್ಣ ಕೆಂಪು ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಗೆರೆ. ಮೇಲೆ ಹೋಗಿ, ಕೆಳಗೆ ಬಂದು, ಮೂಲೆಗೆ ಹೊರಳಿ, ಮತ್ತೆ ಅಲ್ಲೇ. ಕೆಸರ ಮೇಲೆ ಏಡಿ ನಡೆದ ಗುರುತಿನ ಹಾಗೆಯೇ ಇತ್ತು. ಇದು ನಾನಾ? ಎಪ್ಪತ್ತೊಂಬತ್ತು ವರ್ಷ ಈ ಕಣ್ಣು ಹೊತ್ತುಕೊಂಡು ತಿರುಗಿದೆ, ಅದು ನಡೆಯುವ ದಾರಿ ಇವತ್ತೇ ನೋಡಿದ್ದು.

"ಇಲ್ಲಿ ನಿಂತುಬಿಟ್ಟಿದೆ ನೋಡಿ," ಅಂದಳು. ಬಟನ್ ಇದ್ದಿದ್ದು ಬಲಕ್ಕೆ. ನನ್ನ ಕಣ್ಣು ಎಡಗಡೆ, ಹಳೆಯದು ಇರುತ್ತಿದ್ದ ಜಾಗದಲ್ಲಿ ಹುಡುಕುತ್ತಾ ನಿಂತಿತ್ತು. ಅಲ್ಲಿ ಏನೂ ಇಲ್ಲ.

"ನಾವು ಇದನ್ನ ಸರಿಮಾಡ್ತೀವಿ ಅಜ್ಜಿ."

ನನ್ನ ಕಣ್ಣು ತಪ್ಪು ಜಾಗ ನೋಡಿದರೆ ಅವರು ಜಾಗವನ್ನೇ ಎಬ್ಬಿಸಿ ತರುತ್ತಾರಂತೆ. ಇಂಥದ್ದು ನಾನು ಹುಟ್ಟಿ ಕೇಳಿರಲಿಲ್ಲ. ಸ್ಕೂಲಲ್ಲಿ ಎರಡು ವರ್ಷ ಕೂತಿದ್ದೆ. ನನ್ನ ಕಣ್ಣು ತಪ್ಪು ಕಡೆ ಹೋದಾಗ ಮೇಷ್ಟ್ರು ಎಬ್ಬಿಸಿದ್ದು ನನ್ನನ್ನೇ, ಕಿವಿ ಹಿಡಿದು.

ಮಾರ್ಚ್ 26

ಹೊಸ ಅಡುಗೆಮನೆ ಬಂತು. ಮೊದಲು ಕೆಲವೇ ಊರಿಗೆ, ಅದರಲ್ಲಿ ನಮ್ಮದೂ ಒಂದು. ಬಟನ್ ಎಡಕ್ಕೆ ಬಂದಿದೆ. ಬಣ್ಣ ಗಟ್ಟಿ ಹಸಿರು. ಬಾಚಣಿಗೆ ಹೋಗಿ ಅಲ್ಲಿ "ಎಲ್ಲಾ ಇಲ್ಲಿದೆ" ಅಂತ ಅಕ್ಷರದಲ್ಲೇ ಬರೆದಿದ್ದಾರೆ. ಅದು ನಾನೇ ಅಂದಿದ್ದ ಮಾತು. ಎಲ್ಲಾ ಎಲ್ಲಿದೆ ಅಂತ ಕೇಳಿದ್ದೆ.

ಅದಕ್ಕಿಂತ ದೊಡ್ಡದು ಇನ್ನೊಂದು. ಮುಂಚೆಯೇ ಬರೆದಿಡಬಹುದು. ಇಂಥ ದಿನ, ಇಂಥ ಹೊತ್ತಿಗೆ ಅಂತ ಇಟ್ಟರೆ ತಾನೇ ಹೋಗುತ್ತದೆ. ಪಕ್ಕದಲ್ಲಿ ಸಮುದ್ರದ ಏರಿಳಿತ, ಇಡೀ ವರ್ಷದ್ದು. ಹುಣ್ಣಿಮೆ, ಅಮಾವಾಸ್ಯೆ, ನೀರು ಯಾವಾಗ ಹಿಂದೆ ಸರಿಯುತ್ತದೆ, ಎಷ್ಟು ದೂರ. ಬೆರಳಿಂದ ತಳ್ಳಿದರೆ ಚಂದ್ರ ಸವೆದು ಬೆಳೆದು ಸವೆದು, ಶರತ್ಕಾಲದ ತನಕ ಓಡಿದ. ಇನ್ನೂ ಬರದೆ ಇರುವ ನೀರು ಇಲ್ಲಿ ಆಗಲೇ ಬಂದು ಹೋಗಿದೆ. ಮೈ ಜುಂ ಅಂತು. ಕೂತು ಎಷ್ಟು ಸಲ ತಳ್ಳಿದೆನೋ. ಸಾರು ತಳ ಹಿಡಿಯಿತು.

ಸೋಹಿ ಫೋನ್ ಮಾಡಿದ್ದಳು. "ಹೇಗಿದೆ ಅಜ್ಜಿ?"

"ನಿಮ್ಮ ಕಂಪನಿಯಲ್ಲಿ ದೇವರು ಯಾರಾದ್ರೂ ಕೆಲಸಕ್ಕಿದ್ದಾನಾ?"

"ಇಲ್ಲ ಅಜ್ಜಿ. ನಾವು ಆರು ಜನ. ಒಬ್ಬನಿಗೆ ಜ್ವರ."

ಏಪ್ರಿಲ್ ಪೂರಾ ಬರೆದಿಟ್ಟೆ. ಒಂದೇ ಮಧ್ಯಾಹ್ನದಲ್ಲಿ. ಬೆರಳು ಊದಿದೆ, ಹೆಮ್ಮೆಗೆ.

ಏಪ್ರಿಲ್ 3

ಹಾಸಿಗೆಯಲ್ಲೇ ಇದ್ದೆ. ಟಿಂಗ್. ನೋಡಿದರೆ ನನ್ನದೇ ಮಾತು. "ಇವತ್ತು ಕೆಸರು ತೆರೆದಿದೆ. ಇಂತಿ, ಹೆನಾಮಿನವಳು." ನಾನಿನ್ನೂ ಹಲ್ಲು ಹಾಕಿಕೊಂಡಿಲ್ಲ, ನನ್ನ ಮಾತು ಆಗಲೇ ಊರು ಸುತ್ತಿ ಬಂದಿದೆ. ಹೊರಗೆ ಓಡಿ ನೋಡಿದೆ. ಆಕಾಶ ನಿಚ್ಚಳ. ಕೆಳಗೆ ಹಲಗೆ ಹಿಡಿದು ಸಾಲಾಗಿ ಹೊರಟಿದ್ದರು. ನಾನು ನಿದ್ದೆಯಲ್ಲಿರುವಾಗ ನನ್ನ ಹೆಸರು ಎದ್ದು ಅವರನ್ನೆಲ್ಲ ಎಬ್ಬಿಸಿದೆ.

ಸಂಜೆ ಬೋಸಂಗಿನವಳಿಗೆ ಹೇಳಿದೆ. ಚಿಪ್ಪು ತೊಳೆಯುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. "ನೀನು ನಿದ್ದೆಯಲ್ಲಿ ಮಾತಾಡೋದು ನಿನ್ನ ಗಂಡ ಇದ್ದಾಗಿಂದ ಊರಿಗೇ ಗೊತ್ತು. ಇದೇನು ಹೊಸದಾ?"

ಏಪ್ರಿಲ್ 6

ಬಂಡೆ ಹತ್ತಲಿಲ್ಲ. ಮಂಡಿ ನೋವು. ಟಿಂಗ್ ಅಂತು, ಹೊರಳಿ ಮಲಗಿದೆ.

ಏಪ್ರಿಲ್ 19, ಭಾನುವಾರ. ಮೊಕ್ಪೊ

ಮಗಳ ಮನೆ. ನಾಳೆ ಬೆಳಿಗ್ಗೆ ಕಣ್ಣಿನ ಆಸ್ಪತ್ರೆ. ಪೊರೆ ಬಂದಿದೆಯೋ ಇಲ್ಲವೋ ನೋಡುತ್ತಾರಂತೆ. ಮಗಳು ಏಡಿ ಸಾರು ಮಾಡಿದ್ದಳು. ಉಪ್ಪು ಕಡಿಮೆ. ಹೇಳಿದೆ. ಅಮ್ಮ, ಡಾಕ್ಟರ್ ಹೇಳಿದಾರೆ ಅಂದಳು. ಡಾಕ್ಟರ್ ಕಣ್ಣಿಗಲ್ಲವಾ, ನಾಲಿಗೆಗಾ.

ಏಪ್ರಿಲ್ 20, ಸೋಮವಾರ. ಬಸ್ಸಿನಲ್ಲಿ

ಕಣ್ಣು ತೋರಿಸದೆ ಊರಿನ ಬಸ್ಸು ಹತ್ತಿದೆ. ತಲುಪುವ ತನಕ ಬರೆಯುತ್ತೇನೆ.

ಮೊದಲ ಚೀಟಿ ಸಿಗಲೆಂದು ಬೇಗ ಹೋಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಕಿಟಕಿ ಆಚೆ ಬಿಳಿ. ಬಸ್ಸುಗಳು ದೀಪ ಹಾಕಿಕೊಂಡು ಬರುತ್ತಿದ್ದವು. ಕಣ್ಣಿನ ಪೊರೆ ಇಷ್ಟು ಬೆಳೆದಿದೆಯಾ ಅಂದುಕೊಂಡೆ. ಪಕ್ಕದವಳು "ಏನ್ ಮಂಜು, ಕಡಲೇ ಮೇಲೆದ್ದು ಬಂದಹಾಗಿದೆ" ಅಂದಳು. ಆಗಲೇ — ಟಿಂಗ್.

"ಇವತ್ತು ಕೆಸರು ತೆರೆದಿದೆ. ಇಂತಿ, ಹೆನಾಮಿನವಳು."

ಬೋಸಂಗಿನವಳಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಬ್ಬಳಿಗೆ. ಮತ್ತೊಬ್ಬಳಿಗೆ. ಕೆಸರಿಗೆ ಇಳಿಯುವ ಮುಂಚೆ ಎಲ್ಲರೂ ಫೋನನ್ನು ದಡದ ಬುಟ್ಟಿಯಲ್ಲಿ ಹಾಕಿ ಹೋಗುತ್ತಾರೆ, ಕೆಸರು ತಾಗಿದರೆ ಕೆಡುತ್ತದಲ್ಲ. ಆ ಬುಟ್ಟಿ ದಡದಲ್ಲಿ ಒಂದೇ ಸಮ ಕೂಗುತ್ತಿರಬೇಕು.

ಪುಟದಲ್ಲಿ ಅದನ್ನು ತೆಗೆಯಲು ನೋಡಿದೆ. ಅಕ್ಷರಗಳು ಈಜುತ್ತಿದ್ದವು. ಸೋಹಿಗೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಅದನ್ನ ತೆಗಿ ಮಗಾ, ಮಂಜು ಇದೆ, ತೆಗಿ."

"ತೆಗೀತಿದೀನಿ ಅಜ್ಜಿ… ತೆಗೆದೆ. ಹೋಯ್ತು."

"ಅವರಿಗೆ ಗೊತ್ತಾಗುತ್ತಾ?"

"ಫೋನ್ ನೋಡಿದ್ರೆ—"

"ಫೋನ್ ಬುಟ್ಟೀಲಿದೆ."

ಅವಳ ಫೋನ್ ಇಟ್ಟು ಅಧ್ಯಕ್ಷನಿಗೆ ಮಾಡಿದೆ. 

ಗಿಲ್ಸು ಎತ್ತಿದ. ಮೈಕು ಹಾಕು ಅಂದೆ, ಹಾಕಿದ. ಮಂಜಲ್ಲಿ ಮೈಕಿನ ಸದ್ದು ನಾಲ್ಕೂ ದಿಕ್ಕಿಂದ ಬರುತ್ತದೆ. ಉಳಿದ ಗಂಡಸರು ದಡಕ್ಕೆ ಹೋಗಿ ಒಂದೇ ಜಾಗದಲ್ಲಿ ಪಾತ್ರೆ ಬಡಿಯುತ್ತಿದ್ದಾರಂತೆ. ಇಬ್ಬರು ಬಂದರು ಅಂದ. ಆಮೇಲೆ ಆರು ಜನ, ಒಬ್ಬಳ ಹಲಗೆಯ ಹಗ್ಗ ಇನ್ನೊಬ್ಬಳು ಹಿಡಿದು. ಈಗ ಎಲ್ಲರೂ ಬಂದರಂತೆ.

ಬೋಸಂಗಿನವಳೊಬ್ಬಳು ಬಂದಿಲ್ಲ. ನೀರು ತಿರುಗಿದೆ.

ಬಸ್ಸು ಯಾಕೆ ಇಷ್ಟು ನಿಧಾನ.

ಏಪ್ರಿಲ್ 20, ಸಂಜೆ

ಸಿಕ್ಕಳು.

ಏಪ್ರಿಲ್ 22

ಇವತ್ತು ಅವಳ ಮನೆಗೆ ಹೋಗುವ ಧೈರ್ಯ ಬಂತು. ಎರಡು ಕಂಬಳಿ ಹೊದ್ದು ಕೂತಿದ್ದಾಳೆ. ಜ್ವರ ಇಳಿದಿದೆ. ಅಕ್ಕಿ ಗಂಜಿ ಕೊಂಡೊಯ್ದಿದ್ದೆ. ಮುಚ್ಚಳ ತೆಗೆದು ಮೂಸಿ ನೋಡಿದಳು, ಪಕ್ಕಕ್ಕಿಟ್ಟಳು.

ಹೇಗೆ ಬಂದೆ ಅಂತ ಕೇಳಿದೆ. ನಿಂತುಬಿಟ್ಟಳಂತೆ. ಮೈಕು ಕೇಳುತ್ತಿತ್ತು, ಆದರೆ ಎಲ್ಲ ಕಡೆಯಿಂದ. ಪಾತ್ರೆ ಸದ್ದು ಅವಳ ತನಕ ಬರಲೇ ಇಲ್ಲ. ಓಡಬಾರದು ಅಂತ ಹಲಗೆ ಮೇಲೆ ಕೂತಳು. ನೀರು ಬರುವ ತನಕ ಕಾದಳು. ನಾನು ಬರೆಯುವಾಗಲೂ ಉಸಿರು ಹಿಡಿದಿದ್ದೇನೆ — ನೀರು ಬರಲಿ ಅಂತ ಕಾದಳು. ಬಂತು, ಬೆರಳಷ್ಟು. ಬೆರಳು ಅದ್ದಿ ನೋಡಿದಳು, ಯಾವ ಕಡೆ ಹರಿಯುತ್ತಿದೆ ಅಂತ. ಸಮುದ್ರದ ನೀರು ಭೂಮಿಗೇ ತಾನೇ ಹೋಗುವುದು. ಅದರ ಹಿಂದೆ ಹಲಗೆ ತಳ್ಳಿದಳು. ಎದೆ ಮಟ್ಟ ಬರುವಾಗ ಕಾಲಿಗೆ ಕಲ್ಲು ಸಿಕ್ಕಿತು. ಪಕ್ಕದ ಊರಿನ ದಡ.

 ಕೊಲ್ಲಲು ಬಂದದ್ದರ ಕೈ ಹಿಡಿದುಕೊಂಡೇ ಮನೆಗೆ ಬಂದಿದ್ದಾಳೆ.

"ಮಂಜು ಇತ್ತಲ್ಲ ಕಣೇ," ಅಂದೆ. "ಯಾಕೆ ಇಳಿದೆ?"

"ಮಂಜು ಕಾಣ್ತಿತ್ತು ನನಗೆ. ಮೂಗಿನ ಮುಂದೆ ಕೈ ಕಾಣ್ತಿರಲಿಲ್ಲ." ಗೋಡೆ ನೋಡುತ್ತಾ ಹೇಳಿದಳು. "ಬೇರೆಯವರೂ ಅಂದ್ರು, ಇದೇನು ಅಂತ. ನಾನೇ ಅಂದೆ, ಹೆನಾಮಿನವಳು ಬಂಡೆ ಮೇಲಿಂದ ನೋಡಿರ್ತಾಳೆ, ಮಂಜು ಮೇಲೆ ಬಿಟ್ಟಿರ್ಬೇಕು, ಇನ್ನೇನು ಕೆಳಗೂ ಬಿಡುತ್ತೆ. ನಾನೇ ಮೊದಲು ಕಾಲಿಟ್ಟೆ. ಹೆಸರು ನಿಂದಿತ್ತಲ್ಲ."

ಎದ್ದು ಬಂದೆ. ಬಾಗಿಲ ಹತ್ತಿರ ಇದ್ದಾಗ ಹಿಂದಿನಿಂದ, "ಗಂಜಿಗೆ ಉಪ್ಪು ಹಾಕಿದೀಯಾ?"

ಹಾಕಿದ್ದೆ.

ಏಪ್ರಿಲ್ 23

ಪಾಸ್‌ವರ್ಡ್ ಬರೆದ ಚೀಟಿ ಗಿಲ್ಸು ಕೈಗೆ ಕೊಟ್ಟೆ. ಬೇಡ ಅತ್ತಿಗೆ ಅಂದ. ಇನ್ನು ನನ್ನ ಹೆಸರಲ್ಲಿ ಒಂದು ಮಾತೂ ಹೋಗಬಾರದು ಅಂದೆ. ಸಂಘದಲ್ಲೂ ಅರ್ಧ ಜನ ಪುಟ ಮುಚ್ಚಿ ಅನ್ನುತ್ತಿದ್ದಾರೆ. ಇನ್ನರ್ಧಕ್ಕೆ ಮೈಕು ಕೇಳಿಸುವುದಿಲ್ಲ. ಅಮಾವಾಸ್ಯೆಯ ದೊಡ್ಡ ಇಳಿತ ಹೀಗೇ ಕಳೆದುಹೋಯಿತು, ಸೋಮವಾರದ ಮೇಲೆ ಒಬ್ಬಳೂ ಇಳಿಯಲಿಲ್ಲ. ಮಾತು ಯಾರದು ಅಂತ ಗೊತ್ತಾಗುವ ತನಕ ಇಳಿಯುವುದೂ ಇಲ್ಲ. ಹಲಗೆಗಳು ಗೋಡೆಗೆ ಒರಗಿ ಒಣಗುತ್ತಿವೆ. ನಮ್ಮೂರಿನ ಹೊಟ್ಟೆ ಆ ಕೆಸರಲ್ಲಿದೆ.

ಏಪ್ರಿಲ್ 24

ಸೋಹಿ ಬಂದಳು. ಯಾರೂ ಕರೆದಿರಲಿಲ್ಲ. ಚಾವಡಿಯಲ್ಲಿ ಎಲ್ಲ ಹೆಂಗಸರ ಮುಂದೆ ಹಣೆ ನೆಲಕ್ಕೆ ತಾಗುವ ಹಾಗೆ ಬಾಗಿದಳು. ಆಮೇಲೆ ಕೂತು ಪುಸ್ತಕ ತೆರೆದಳು. "ಎಲ್ಲಾನೂ ಹೇಳಿ. ನಾನು ಬರ್ಕೊಳ್ತೀನಿ."

 ಒಬ್ಬಳು ಅಂದಳು, ಅಕ್ಷರ ದೊಡ್ಡದಿರಲಿ. ಇನ್ನೊಬ್ಬಳು, ಆ ಟಿಂಗ್ ಎಲ್ಲದಕ್ಕೂ ಒಂದೇ, ಸಾವಿಗೂ ಸೋಡಾ ಮಾರೋನಿಗೂ. ಮತ್ತೊಬ್ಬಳು, "ನಿನಗೆ ಮದುವೆ ಆಗಿದೆಯಾ?"

"ಇದನ್ನೂ ಬರ್ಕೊಳ್ಳಲಾ?"

ಎಲ್ಲರೂ ನಕ್ಕರು. ಆ ಸೋಮವಾರದ ನಂತರ ಚಾವಡಿಯಲ್ಲಿ ಮೊದಲ ನಗು.

ಮೂಲೆಯಲ್ಲಿ ಕಂಬಳಿ ಹೊದ್ದು ಬೋಸಂಗಿನವಳು. ನಗು ನಿಂತಮೇಲೆ ಹೇಳಿದಳು. "ನನಗೆ ಬೇಕಾದ್ದು ಒಂದೇ ಕಣಮ್ಮ. ಆ ಹೆಸರಿನ ಹಿಂದೆ ಆ ಹೆಣ್ಣು ಎದ್ದಿದಾಳೋ ಮಲಗಿದಾಳೋ ನನಗೆ ಗೊತ್ತಾಗ್ಬೇಕು. ಅಷ್ಟೇ."

ಸೋಹಿ ಬರೆದುಕೊಳ್ಳಲಿಲ್ಲ. ಪೆನ್ನು ಹಿಡಿದು ಹಾಗೇ ನೋಡುತ್ತಿದ್ದಳು.

ಉಳಿದವರು ಹೋದಮೇಲೆ ನನ್ನ ಹತ್ತಿರ ಬಂದಳು. ಮುಂಚೆಯೇ ಬರೆದಿಡುವ ಸೌಕರ್ಯ ತೆಗೆದುಹಾಕಿ ಅಂತ ಮೇಲಿನವರಿಗೆ ಹೇಳಿದ್ದಳಂತೆ. ಹೊಸದು ಬಂದ ಎಲ್ಲ ಊರಿನವರಿಗೂ ಬಹಳ ಹಿಡಿಸಿರುವುದೇ ಅದು, ತೆಗೆಯುವುದಿಲ್ಲ ಅಂದರಂತೆ.

"ಯಾಕೆ ತೆಗೀಬೇಕು," ಅಂದೆ. "ಹಿಡಿಸಿದ್ದು ನನಗೂ ತಾನೇ. ಅಕ್ಕಿ ಹಿಂದಿನ ದಿನವೇ ನೆನೆಹಾಕ್ತೀವಿ. ಹಾಗಂತ ಒಲೆ ತಾನೇ ಹೊತ್ತಿಕೊಂಡ್ರೆ?"

"ಅಜ್ಜಿ, ನಾಳೆ ಬೆಳಿಗ್ಗೆ ನೀವು ಏನೇನು ಮಾಡ್ತೀರೋ ಮೊದಲಿಂದ ತೋರಿಸ್ತೀರಾ? ಕಂಪ್ಯೂಟರ್ ಹಚ್ಚೋಕೆ ಮುಂಚಿಂದ."

"ಹಚ್ಚೋದೇ ಬಿಟ್ಟಿದೀನಿ."

"ಬಿಡೋಕೆ ಮುಂಚೆ ಏನು ಮಾಡ್ತಿದ್ರೋ ಅದು."

ಏಪ್ರಿಲ್ 25

ನನ್ನ ಮನೆಯಲ್ಲೇ ಮಲಗಿದ್ದಳು. ಗೊರಕೆ ಹೊಡೆಯುತ್ತಾಳೆ, ಕಡ್ಡಿಯಂಥ ಮೈಯಲ್ಲಿ ಎಲ್ಲಿಂದ ಬರುತ್ತೋ. ಬೆಳಕು ಬಿಡುವ ಮುಂಚೆ ಎಬ್ಬಿಸಿ ಬಂಡೆಗೆ ಕರೆದುಕೊಂಡು ಹೋದೆ. ನಿಂತೆ. ಅವಳೂ ನಿಂತಳು.

"ಏನು ನೋಡ್ತಿದೀರಿ?"

ಏನಂತ ಹೇಳಲಿ. ನೀರಿನ ಬಣ್ಣ. ಗಾಳಿ ಯಾವ ಕೆನ್ನೆಗೆ. ಕಡಲಕ್ಕಿಗಳು ಕೂತಿವೆಯಾ ಎದ್ದಿವೆಯಾ. ಮೂಗಿಗೆ ಏನು ಬರುತ್ತದೆ — ಮಂಜು ಬರುವ ದಿನ ಒದ್ದೆ ಕಬ್ಬಿಣದ ವಾಸನೆ. ಇಷ್ಟು ಹೊತ್ತು ಅಂತಿಲ್ಲ. ಸಾಕು ಅನ್ನಿಸುವ ತನಕ. ಹೇಳಿದೆ, ತಡವರಿಸಿ ತಡವರಿಸಿ. ಯಾರೂ ಕೇಳಿರಲಿಲ್ಲ ಇದುವರೆಗೆ. ನಾನೂ ಕೇಳಿಕೊಂಡಿರಲಿಲ್ಲ.

 ಸೂರ್ಯ ಬಂದ. ನೀರು ಹಿಂದೆ ಸರಿದು ಕೆಸರು ಹೊಳೆಯುತ್ತಿತ್ತು, ಕಣ್ಣಿಗೆ ಕಾಣುವಷ್ಟು ದೂರಕ್ಕೂ, ಆಗಷ್ಟೇ ಮಾಡಿಟ್ಟ ಹಾಗೆ. ಅವಳ ಬಾಯಿ ತೆರೆದಿತ್ತು.

"ಅಜ್ಜಿ, ಇದು ನಮ್ಮ ಸ್ಕ್ರೀನಲ್ಲಿ ಎಲ್ಲೂ ಇಲ್ಲ," ಅಂದಳು. "ನಾವು ಶುರುಮಾಡೋದೇ ನೀವು ಒಳಗೆ ಬಂದು ಕೂತ ಮೇಲೆ."

ಅವಳು ಕೆಸರು ನೋಡಿ ಬೆರಗಾದಳು. ನಾನು ಅವಳನ್ನು ನೋಡಿ. ಬಂಡೆ ಮೇಲೆ ನಿಲ್ಲುವುದು ನನಗೆ ಬೆಳಗಿನ ಕೆಮ್ಮಿನ ಹಾಗೆ. ಅದೂ ಕೆಲಸದಲ್ಲಿ ಒಂದು ಭಾಗ ಅಂತ ಯಾರು ಎಣಿಸುತ್ತಾರೆ. ನನ್ನ ಕಣ್ಣಿನ ದಾರಿ ಗೀಟು ಹಾಕಿ ತೋರಿಸಿದಾಗ ಆದದ್ದೇ ಮತ್ತೆ ಆಯಿತು. ಬೇರೆಯವರು ನೋಡಿದ ಮೇಲೆ ತಾನೇ ನಮ್ಮದು ನಮಗೆ ಕಾಣುವುದು.

ಚಿಪ್ಪಿನ ಸಾರು, ಬಾರ್ಲಿ ಅನ್ನ ಬಡಿಸಿದೆ. ಎರಡು ಬಟ್ಟಲು ತಿಂದಳು. ಬಸ್ಸಿಗೆ ಓಡುವಾಗ ಒಂದು ಶೂ ಉಲ್ಟಾ ಹಾಕಿಕೊಂಡಿದ್ದಳು.

ಮೇ 2

ಹುಣ್ಣಿಮೆ ಇಳಿತ. ಗಿಲ್ಸು ಮೈಕಲ್ಲಿ ಕೂಗಿದ. ಮೂರೇ ಜನ ಇಳಿದರು, ದಡದ ಹತ್ತಿರದಲ್ಲೇ ಕೆರೆದು ವಾಪಸ್ ಬಂದರು. ಬೋಸಂಗಿನವಳು ಬಾಗಿಲು ತೆರೆಯಲೇ ಇಲ್ಲ. ಗಿಲ್ಸು ಹೋಗಿ ಕೇಳಿದನಂತೆ. "ನೀನು ಚಾವಡಿ ಒಳಗಿಂದ ಕೂಗ್ತೀಯ. ಅಲ್ಲಿಂದ ಏನಪ್ಪಾ ಕಾಣುತ್ತೆ, ನಿನ್ನ ನಾಯಿಯಾ?"

ಮೇ 13

ಸೋಹಿ ಫೋನ್. ಮಾಡಿದ್ದಾಳೆ. ಆರು ಜನ ಕೂತು, ಮೇಲಿನವರ ಹತ್ತಿರ ಜಗಳ ಆಡಿ.

ಮುಂಚೆ ಬರೆದಿಡಬಹುದು, ಈಗಲೂ. ಆದರೆ ಅದು ತಾನೇ ಹೋಗುವುದಿಲ್ಲ. ಆ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲುತ್ತದೆ. ನಿಂತು, ದೊಡ್ಡ ಅಕ್ಷರದಲ್ಲಿ ಕೇಳುತ್ತದೆ — "ಹೊರಗೆ ಹೋಗಿ ನೋಡಿದಿರಾ?" ನೋಡಿದವರು ತಮ್ಮ ಹೆಸರು ಹಾಕಿ ಒತ್ತಿದರೆ ಮಾತ್ರ ಹೊರಡುತ್ತದೆ. ಫೋನಲ್ಲಿ ಓದುವವರಿಗೂ ಕಾಣುತ್ತದೆ, ಯಾರು ನೋಡಿದರು, ಎಷ್ಟು ಹೊತ್ತಿಗೆ. ಯಾರೂ ನೋಡಿಲ್ಲದಿದ್ದರೆ ಅದೂ ಕಾಣುತ್ತದೆ. ಯಾರೂ ಇನ್ನೂ ನೋಡಿಲ್ಲ, ಅಂತ.

"ಬೋಸಂಗಿನ ಅಜ್ಜಿ ಹೇಳಿದ್ರಲ್ಲ," ಅಂದಳು. "ಅದು."

"ನಮ್ಮೂರಿಗೊಂದಕ್ಕೆ ಇಷ್ಟೆಲ್ಲ ಮಾಡಿದ್ರಾ?"

"ಒಂದಕ್ಕಲ್ಲ ಅಜ್ಜಿ. ಮುಂದಿನ ವಾರ ನಾನೂರು ಊರಿಗೂ ಹೋಗುತ್ತೆ. ಈಗ ನಿಮ್ಮಂಥ ಕೆಲವು ಕಡೆ ಮಾತ್ರ. ನಿನ್ನೆ ಒಂದು ಗುಡ್ಡದ ಊರಿಂದ ಫೋನ್ ಬಂತು. ಅವರು ದಾರಿ ತೆರೆದಿದೆ ಅಂತ ಹಾಕೋದು, ಬಂಡೆ ಉರುಳೋ ಜಾಗ. ನಮ್ಮಜ್ಜ ಇಷ್ಟು ವರ್ಷ ಕಿಟಕೀಲಿ ಇಣುಕಿ ಹಾಕ್ತಿದ್ದ, ಈಗ ಇದು ಕೇಳುತ್ತೆ ಅಂತ ದೊಣ್ಣೆ ಹಿಡ್ಕೊಂಡು ತಿರುವಿನ ತನಕ ಹೋಗಿ ಬರ್ತಾನೆ, ಅಂದ್ರು. ಬೈದ್ರೋ ಹೊಗಳಿದ್ರೋ ಗೊತ್ತಾಗ್ಲಿಲ್ಲ."

ಫೋನ್ ಇಟ್ಟಮೇಲೆ ಹೊಸಿಲ ಮೇಲೆ ಕೂತುಬಿಟ್ಟೆ. ಯಾವುದೋ ಗುಡ್ಡ, ಯಾವುದೋ ಮುದುಕ. ಅವನ ಹೆಸರು ನನಗೆ ಗೊತ್ತಿಲ್ಲ, ನನ್ನದು ಅವನಿಗೆ ಬೇಡ. ಕಂಬಳಿ ಹೊದ್ದು ಗೊಣಗಿದ ಬೋಸಂಗಿನವಳ ಒಂದು ಮಾತು ಅವನನ್ನು ಹಾಸಿಗೆಯಿಂದ ಎಬ್ಬಿಸಿ ತಿರುವಿನ ತನಕ ನಡೆಸಿದೆ. ಮುಂದಿನ ವಾರದಿಂದ ಕರಾವಳಿ ಉದ್ದಕ್ಕೂ, ಗುಡ್ಡದ ಮೇಲೂ, ಬೆಳಗಾಗುತ್ತಲೇ ಊರೂರಿನಲ್ಲಿ ಒಬ್ಬೊಬ್ಬರು ಬಾಗಿಲು ತೆರೆದು ಹೊರಗೆ ಬಂದು ನಿಲ್ಲುತ್ತಾರೆ. ತಲೆ ಎತ್ತಿ ನೋಡುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ. ಯಾರಿಗೂ ಯಾರೂ ಕಾಣುವುದಿಲ್ಲ. ಎಷ್ಟು ದೊಡ್ಡ ಕಣ್ಣು ಅದು. ಮೈ ತಣ್ಣಗಾಯಿತು.

ಮೇ 16

ಬೋಸಂಗಿನವಳು ಗುಡ್ಡ ಹತ್ತಿ ಬಂದಳು, ಏದುಸಿರು ಬಿಡುತ್ತಾ. ಚೀಟಿ ಕೈಗಿಟ್ಟಳು. ನಾನು ಗಿಲ್ಸುಗೆ ಕೊಟ್ಟಿದ್ದ ಪಾಸ್‌ವರ್ಡ್.

"ನನ್ನಿಂದ ಆಗಲ್ಲ ಕಣೇ," ಅಂದೆ. "ಬೇರೆಯವರು ನೋಡ್ಲಿ. ನನ್ನ ಕಣ್ಣಲ್ಲಿ ಪೊರೆ ಬೇರೆ ಇದೆಯೇನೋ, ಅವತ್ತು ತೋರಿಸದೇ ಓಡಿಬಂದೆ."

"ಪೊರೆ ಇದ್ರೆ ಎರಡು ಸಲ ನೋಡು."

"ಮತ್ತೆ ತಪ್ಪಾದ್ರೆ?"

"ಅವತ್ತು ನೀನು ತಪ್ಪು ನೋಡ್ಲಿಲ್ಲ. ನೋಡ್ಲೇ ಇಲ್ಲ." ನನ್ನ ಒಣಮೀನಿನ ಡಬ್ಬಿ ತಾನೇ ತೆಗೆದು ತಿನ್ನಲು ಶುರುಮಾಡಿದಳು. "ನೋಡಿ ಹೇಳಿದ್ರೆ ನಾನು ಇಳೀತೀನಿ. ನಾನು ಇಳಿದ್ರೆ ಅವರೆಲ್ಲ ಇಳೀತಾರೆ. ಬೇರೆಯವರು ಹೇಳಿದ್ರೆ ಬಾಗಿಲು ತೆರೆಯಲ್ಲ. ಈಗ ನಿನ್ನಿಷ್ಟ. ಈ ಮೀನು ಯಾರು ಒಣಗಿಸಿದ್ದು, ಚಪ್ಪಲಿ ಹಾಗಿದೆ."

ಅರ್ಧ ಡಬ್ಬಿ ಖಾಲಿ ಮಾಡಿ ಹೋದಳು.

ಮೇ 18, ಸೋಮವಾರ. ಬೆಳಗಿನ ಜಾವ

ಹಚ್ಚಿದೆ. ಮೊನ್ನೆ ಬರೆದಿಟ್ಟ ಮಾತು ಬಾಗಿಲಲ್ಲಿ ನಿಂತಿದೆ. ಕೇಳುತ್ತಿದೆ.

ಹೋಗಿ ನೋಡಿ ಬಂದೆ. ಮಂಜು ಇದೆ, ಆದರೆ ಪದರ ಪದರ, ಹರಿದ ಹತ್ತಿ ಹಾಗೆ. ಗಾಳಿ ಬಲಗೆನ್ನೆಗೆ. ಕಬ್ಬಿಣದ ವಾಸನೆ ಇಲ್ಲ — ಇಲ್ಲ ಅಂತಲೇ ಅನ್ನಿಸುತ್ತದೆ.

ಫೋನ್. ಅವಳೇ. "ಬೂಟು ಹಾಕ್ಕೊಂಡು ಕೂತಿದೀವಿ ಎಲ್ರೂ. ಏನೇ?"

"ಕಾಯಿ."

"ಯಾರೂ ನೋಡಿಲ್ಲ ಅಂತ ತೋರಿಸ್ತಿದೆ ಇಲ್ಲಿ."

"ನೋಡ್ದೆ. ಇನ್ನೊಂದ್ಸಲ ನೋಡ್ತೀನಿ."

"ನೋಡು. ನೀರಿಗೂ ಅವಸರವಿಲ್ಲ ಇವತ್ತು." ಇಟ್ಟಳು.

ಹಸಿರು ಬಟನ್ ಮೇಲೆ ಬೆರಳಿಟ್ಟೆ, ತೆಗೆದೆ. ಕಿಟಕಿಯಿಂದ ಕೆಳಗೆ ಅವಳ ಮನೆ ಚಾವಣಿ ಕಾಣುತ್ತಿದೆ ಈಗ. ಆಗ ಕಾಣುತ್ತಿರಲಿಲ್ಲ. ದಡ ಕಾಣುತ್ತಿದೆ. ದಡದಾಚೆ ಕೆಸರು ಹೊಳೆಯಲು ಶುರುವಾಗಿದೆ, ಆದರೆ ಅದರಾಚೆ, ನೀರಿನ ಅಂಚಲ್ಲಿ ಬೆಳ್ಳಗೆ ಒಂದು — ಬೆಳಕೋ, ಮಂಜೋ. ಇಲ್ಲಿ ಕೂತರೆ ತಿಳಿಯಲ್ಲ. ಬಂಡೆ ತುದಿಗೇ ಹೋಗಿ ನೋಡಿ ಬರುತ್ತೇನೆ, ಆಮೇಲೆ ಒತ್ತುವುದೋ ಬಿಡುವುದೋ.